ಐವತ್ತು ಪೌಂಡ್ ಮತ್ತು ಒಂದು ಖಾಲಿ ಕೋಣೆ

ಪ್ರಿಯ ಓದುಗರೇ,

ಲಂಡನ್ ಹತ್ತಿರದ ಮೇಡನ್‌ಹೆಡ್ ರೈಲ್ವೆ ಸ್ಟೇಷನ್ನಿನ ಮೂರನೇ ಪ್ಲಾಟ್‌ಫಾರಂನಲ್ಲಿ ಒಂದು ಪ್ರತಿಮೆ ಇದೆ. ಬೆಂಚಿನ ಮೇಲೆ ಕೂತು ಪುಸ್ತಕ ಓದುತ್ತಿರುವ ಒಬ್ಬ ಮನುಷ್ಯ. ಸ್ಲೌ, ಮೇಡನ್‌ಹೆಡ್, ರೆಡಿಂಗ್ ಸುತ್ತಮುತ್ತ ಇರುವ ನಮ್ಮವರು ಕೆಲಸಕ್ಕೆ ಓಡುವ ಅವಸರದಲ್ಲಿ ಅದರ ಮುಂದೆ ಹಾದುಹೋಗಿರುತ್ತೀರಿ. ಅವರು ಸರ್ ನಿಕೊಲಸ್ ವಿಂಟನ್, ಎರಡನೇ ಮಹಾಯುದ್ಧಕ್ಕೆ ಮುಂಚೆ ನೂರಾರು ಮಕ್ಕಳನ್ನು ನಾಜಿಗಳಿಂದ ಪಾರು ಮಾಡಿದವರು. ಆ ಊರಿನಲ್ಲೇ ಬಹುಕಾಲ ಇದ್ದವರು. 2015ರಲ್ಲಿ, 106ನೇ ವಯಸ್ಸಿನಲ್ಲಿ ತೀರಿಕೊಂಡರು. ಈ ಸಂಚಿಕೆಯಲ್ಲಿ ಅವರ ಬಗ್ಗೆ ಬರೆಯಲು ನನಗೊಂದು ಕಾರಣವಿದೆ. ಅದನ್ನು ಆಮೇಲೆ ಹೇಳುತ್ತೇನೆ.

1938ರ ಡಿಸೆಂಬರ್. ವಿಂಟನ್‌ಗೆ ಆಗ 29 ವರ್ಷ. ಲಂಡನ್ ಷೇರು ಮಾರುಕಟ್ಟೆಯಲ್ಲಿ ಕೆಲಸ. ಕ್ರಿಸ್‌ಮಸ್ ರಜಕ್ಕೆ ಸ್ವಿಟ್ಜರ್ಲೆಂಡಿಗೆ ಸ್ಕೀಯಿಂಗ್ ಹೋಗುವವರಿದ್ದರು. ಜೊತೆಗೆ ಬರಬೇಕಿದ್ದ ಗೆಳೆಯ ಮಾರ್ಟಿನ್ ಬ್ಲೇಕ್, 'ಅದು ಬಿಡು, ಪ್ರಾಗ್‌ಗೆ ಬಾ' ಎಂದು ಕರೆದರು. ಹೋದರು. ಮ್ಯೂನಿಕ್ ಒಪ್ಪಂದದ ನಂತರ ಜೆಕೊಸ್ಲೊವಾಕಿಯಾದ ಗಡಿಭಾಗವನ್ನು ಹಿಟ್ಲರ್ ನುಂಗಿದ್ದ. ಅಲ್ಲಿಂದ ಓಡಿಬಂದ ಯಹೂದಿಗಳು, ನಾಜಿಗಳ ವಿರೋಧಿಗಳು ಆ ಚಳಿಯಲ್ಲಿ ಪ್ರಾಗ್ ಸುತ್ತಲಿನ ಶಿಬಿರಗಳಲ್ಲಿ ತುಂಬಿದ್ದರು. ದೊಡ್ಡವರನ್ನು ಹೊರಗೆ ಸಾಗಿಸಲು ಡೊರೀನ್ ವಾರಿನರ್ ಎಂಬ ಗಟ್ಟಿ ಹೆಣ್ಣುಮಗಳು ಒದ್ದಾಡುತ್ತಿದ್ದರು. ಮಕ್ಕಳನ್ನು ಕೇಳುವವರು ಯಾರೂ ಇರಲಿಲ್ಲ.

ವಿಂಟನ್ ಹೋಟೆಲಿನ ಒಂದು ಮೇಜನ್ನೇ ಆಫೀಸು ಮಾಡಿಕೊಂಡರು. ಸುದ್ದಿ ಹರಡಿತು. ಅಪ್ಪ ಅಮ್ಮಂದಿರು ಸಾಲುಗಟ್ಟಿ ಬಂದರು. ನಮ್ಮನ್ನು ಬಿಡಿ, ಮಗುವನ್ನಾದರೂ ಕರೆದುಕೊಂಡು ಹೋಗಿ ಎಂದರು. ಈ ಅಪ್ಪ ಅಮ್ಮಂದಿರ ಧೈರ್ಯದ ಬಗ್ಗೆ ನಾವು ಮಾತಾಡುವುದು ಕಡಿಮೆ. ಐದಾರು ವರ್ಷದ ಮಗುವಿನ ಕೊರಳಿಗೆ ನಂಬರ್ ಚೀಟಿ ಕಟ್ಟಿ, ಭಾಷೆ ಬಾರದ ದೇಶಕ್ಕೆ, ಮುಖ ನೋಡದ ಮನೆಗೆ ಕಳಿಸಬೇಕು. ಕಿಟಕಿಯ ಹತ್ತಿರ ನಿಂತು ನಗಬೇಕು. ಹಾಗೆ ಕಳಿಸಿದವರಲ್ಲಿ ಹೆಚ್ಚಿನವರಿಗೆ ಮಕ್ಕಳನ್ನು ಮತ್ತೆ ನೋಡುವ ಭಾಗ್ಯ ಸಿಗಲಿಲ್ಲ.

ಬ್ರಿಟನ್ನಿನ ನಿಯಮ ಹೀಗಿತ್ತು: 17 ವರ್ಷದೊಳಗಿನ ಮಗುವನ್ನು ಒಳಗೆ ಬಿಡುತ್ತೇವೆ, ಆದರೆ ನೋಡಿಕೊಳ್ಳಲು ಒಂದು ಮನೆ ಬೇಕು. ಮುಂದೆ ವಾಪಸ್ ಹೋಗುವ ಖರ್ಚಿಗೆ ಅಂತ 50 ಪೌಂಡ್ ಠೇವಣಿಯನ್ನೂ ಇಡಬೇಕು. ಆಗ 50 ಪೌಂಡ್ ಅಂದರೆ ಸಾಮಾನ್ಯ ಕೆಲಸಗಾರನ ಕೆಲವು ತಿಂಗಳ ಸಂಬಳ. ವಿಂಟನ್ ಪಟ್ಟಿಯಲ್ಲಿ ಸಾವಿರಾರು ಹೆಸರು. ಕೈಯಲ್ಲಿ ದುಡ್ಡಿಲ್ಲ, ಅಧಿಕಾರವಿಲ್ಲ, ಅನುಭವವೂ ಇಲ್ಲ. ಯಾರಾದರೂ ಲೆಕ್ಕ ಹಾಕಿ ನೋಡಿದ್ದರೆ ಇದು ಆಗುವ ಹೋಗುವ ಮಾತಲ್ಲ ಎಂದು ಬಿಟ್ಟುಬಿಡುತ್ತಿದ್ದರು.

ಅವರು ಪ್ರಾಗ್‌ನಲ್ಲಿದ್ದದ್ದು ಮೂರು ವಾರದಷ್ಟು ಮಾತ್ರ. ಉಳಿದದ್ದೆಲ್ಲ ಲಂಡನ್ನಿನಲ್ಲಿ ನಡೆದ ಗುಮಾಸ್ತೆ ಕೆಲಸ. ಹಗಲು ಷೇರು ಮಾರುಕಟ್ಟೆ, ಸಂಜೆ ಮೇಲೆ ಪತ್ರ, ಅರ್ಜಿ, ಪಟ್ಟಿ. ಪಕ್ಕದಲ್ಲಿ ಅವರ ತಾಯಿ. ನಿರಾಶ್ರಿತರ ಸಮಿತಿಯ ಲೆಟರ್‌ಹೆಡ್ಡಿಗೆ 'ಮಕ್ಕಳ ವಿಭಾಗ' ಎಂದು ತಾವೇ ಸೇರಿಸಿಕೊಂಡರು. ಯಾರ ಅಪ್ಪಣೆಗೂ ಕಾಯಲಿಲ್ಲ. ಮಕ್ಕಳ ಫೋಟೊ ಇರುವ ಕಾರ್ಡುಗಳನ್ನು ಮಾಡಿಸಿ, ಮನೆ ಕೊಡಬಹುದಾದವರಿಗೆಲ್ಲ ಕಳಿಸಿದರು. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೂ ಬರೆದರು. ಅಲ್ಲಿಂದ ಆಗುವುದಿಲ್ಲ ಎಂಬ ಉತ್ತರವೇ ಬಂತು. ಗೃಹ ಇಲಾಖೆಯ ಪರವಾನಗಿ ತಡವಾದಾಗ ನಕಲಿ ಕಾಗದ ಮಾಡಿಸಿದ್ದೂ ಉಂಟು. ತಪ್ಪೇ ಅನ್ನುವವರು ಅನ್ನಲಿ, ನಾನಂತೂ ಅನ್ನಲಾರೆ.

ಹೆಸರು ವಿಂಟನ್ ಅವರದ್ದು ದೊಡ್ಡದಾಯಿತು. ಆದರೆ ಪ್ರಾಗ್‌ನಲ್ಲೇ ಉಳಿದು, ಜರ್ಮನ್ ಸೈನ್ಯ ಬಂದ ಮೇಲೂ ಮಕ್ಕಳನ್ನು ರೈಲು ಹತ್ತಿಸಿದವರು ಟ್ರೆವರ್ ಚ್ಯಾಡ್‌ವಿಕ್ ಎಂಬ ಶಾಲಾ ಮೇಷ್ಟ್ರು. ಇಬ್ಬರು ಹುಡುಗರನ್ನು ತಮ್ಮ ಶಾಲೆಗೆ ಕರೆತರಲು ಹೋದವರು ಉಳಿದ ಮಕ್ಕಳನ್ನು ಮರೆಯಲಾಗದೆ ಮತ್ತೆ ಹೋದರು. ಹೆಚ್ಚು ಅಪಾಯ ಇದ್ದದ್ದು ಅವರಿಗೆ. ವಿಂಟನ್ ಕೂಡ ಈ ಮಾತನ್ನು ಹೇಳುತ್ತಲೇ ಇದ್ದರು.

ಮೊದಲ ಗುಂಪು ಹೊರಟಿದ್ದು 1939ರ ಮಾರ್ಚ್ 14ರಂದು. ಮರುದಿನ ಹಿಟ್ಲರನ ಸೈನ್ಯ ಪ್ರಾಗ್ ಹೊಕ್ಕಿತು. ಆಮೇಲೆ ಹೊರಟ ಮಕ್ಕಳ ದಾರಿ ಹೀಗಿತ್ತು: ರೈಲಿನಲ್ಲಿ ಜರ್ಮನಿ ದಾಟಿ, ಹಾಲೆಂಡಿನಿಂದ ಹಡಗಿನಲ್ಲಿ ಇಂಗ್ಲೆಂಡಿನ ಹಾರಿಚ್ ಬಂದರು, ಅಲ್ಲಿಂದ ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್. ಆಗಸ್ಟ್ ಹೊತ್ತಿಗೆ 669 ಮಕ್ಕಳು ಬಂದಿದ್ದರು. ಸೆಪ್ಟೆಂಬರ್ 1ಕ್ಕೆ ಇನ್ನೊಂದು ರೈಲು ಹೊರಡಬೇಕಿತ್ತು. ಅದರಲ್ಲಿ ಸುಮಾರು 250 ಮಕ್ಕಳು. ಅಂದೇ ಜರ್ಮನಿ ಪೋಲೆಂಡಿನ ಮೇಲೆ ನುಗ್ಗಿತು, ಗಡಿ ಮುಚ್ಚಿತು. ಆ ಮಕ್ಕಳಲ್ಲಿ ಬಹುಪಾಲು ಯುದ್ಧ ಮುಗಿಯುವಷ್ಟರಲ್ಲಿ ಉಳಿದಿರಲಿಲ್ಲ. ಇಲ್ಲಿ ಅವರಿಗಾಗಿ ಮನೆಗಳು ಸಿದ್ಧವಾಗಿದ್ದವು.

ಬಂದ ಮಕ್ಕಳಲ್ಲಿ ಒಬ್ಬರು ಆಗ ಆರು ವರ್ಷದ ಆಲ್ಫ್ ಡಬ್ಸ್. ಮುಂದೆ ಇಲ್ಲಿನ ಸಂಸತ್ತಿಗೆ ಹೋದರು. 2016ರಲ್ಲಿ, ಯುರೋಪಿನಲ್ಲಿ ಒಂಟಿಯಾಗಿ ಅಲೆಯುತ್ತಿದ್ದ ನಿರಾಶ್ರಿತ ಮಕ್ಕಳಿಗೆ ಬ್ರಿಟನ್ ಬಾಗಿಲು ತೆರೆಯಲಿ ಎಂದು ಕಾನೂನಿಗೆ ತಿದ್ದುಪಡಿ ತಂದವರು ಇವರೇ.

ಈಗ ನನ್ನ ಕಾರಣಕ್ಕೆ ಬರುತ್ತೇನೆ. ಸಂಘದಲ್ಲಿ ನಾವು ದಾನಕ್ಕೆ ಹಿಂದೆ ಬಿದ್ದವರಲ್ಲ. ಕೊಡಗಿನಲ್ಲಿ ಗುಡ್ಡ ಕುಸಿದಾಗ, ಕೋವಿಡ್ ಸಮಯದಲ್ಲಿ ನಮ್ಮವರು ಕೈ ಬಿಚ್ಚಿ ಕೊಟ್ಟರು. ಆದರೆ ನಾವು ಬದುಕುತ್ತಿರುವ ಈ ನೆಲದಲ್ಲೇ ಮನೆ ಬೇಕಾದ ಮಕ್ಕಳಿದ್ದಾರೆ. ಹೆತ್ತವರ ಜೊತೆ ಇರಲು ಆಗದ ಮಕ್ಕಳು, ಯುದ್ಧದಿಂದ ತಪ್ಪಿಸಿಕೊಂಡು ಒಬ್ಬರೇ ಬಂದ ಮಕ್ಕಳು. ಅವರನ್ನು ಕೆಲವು ದಿನಕ್ಕೋ ಕೆಲವು ವರ್ಷಕ್ಕೋ ಮನೆಯಲ್ಲಿಟ್ಟು ನೋಡಿಕೊಳ್ಳುವ ಫಾಸ್ಟರಿಂಗ್ ಕುಟುಂಬಗಳು ಸಾಕಷ್ಟಿಲ್ಲ ಎಂದು ಸ್ಥಳೀಯ ಕೌನ್ಸಿಲ್‌ಗಳು ಹೇಳುತ್ತಲೇ ಇವೆ. ನಮ್ಮ ಮಕ್ಕಳು ಯೂನಿವರ್ಸಿಟಿಗೆ ಹೋದ ಮೇಲೆ ಎಷ್ಟು ಮನೆಗಳಲ್ಲಿ ಒಂದೊಂದು ಕೋಣೆ ಸುಮ್ನೆ ಬೀಗ ಹಾಕಿಕೊಂಡಿದೆ, ಅಲ್ವಾ?

ಈ ಮಾತು ಎತ್ತಿದಾಗ ಬರುವ ಉತ್ತರಗಳು ನನಗೆ ಗೊತ್ತು. 'ನಮ್ಮ ಊಟ ಬೇರೆ, ರೀತಿ ಬೇರೆ.' 'ಬೇರೆಯವರ ಮಗು, ಜವಾಬ್ದಾರಿ ಜಾಸ್ತಿ.' 'ಇಷ್ಟು ಮಕ್ಕಳಲ್ಲಿ ಒಂದನ್ನು ನೋಡಿಕೊಂಡರೆ ಏನಾಗುತ್ತೆ?' ವಿಂಟನ್ ಕಾಲದಲ್ಲೂ ಇಂಥ ಮಾತು ಬಂದಿತ್ತು. ಯಹೂದಿ ಮಕ್ಕಳನ್ನು ಕ್ರೈಸ್ತರ ಮನೆಗೆ ಕಳಿಸುವುದೇ ಎಂದು ಕೆಲವು ಧರ್ಮಗುರುಗಳು ಆಕ್ಷೇಪ ಎತ್ತಿದ್ದರು. ಮಗು ಬದುಕುವುದು ಮೊದಲು ಎಂಬುದು ವಿಂಟನ್ ಅವರ ನಿಲುವು. ಜವಾಬ್ದಾರಿ ದೊಡ್ಡದು ಎಂಬುದು ನಿಜ. ನೊಂದ ಮಗು ಕೋಪ ಮಾಡಬಹುದು, ಮಾತು ಬಿಡಬಹುದು, ರಾತ್ರಿಯೆಲ್ಲ ಅಳಬಹುದು. ಅದಕ್ಕೇ ತರಬೇತಿ ಇದೆ, ಜೊತೆಗೆ ಸೋಷಿಯಲ್ ವರ್ಕರ್ ಇರುತ್ತಾರೆ, ಖರ್ಚಿಗೆ ಭತ್ಯೆ ಇದೆ. ಮನೆ ಸ್ವಂತದ್ದೇ ಆಗಬೇಕಿಲ್ಲ. ಮದುವೆ ಆಗಿರಲೇಬೇಕು ಎಂದೂ ಇಲ್ಲ. ಒಂದು ಖಾಲಿ ಕೋಣೆ ಬೇಕು. ಈ ದೇಶದಲ್ಲಿ ನೆಲೆ ನಿಲ್ಲುವ ಹಕ್ಕು ಬೇಕು. ವಿಚಾರಣೆ ಮುಗಿಯಲು ಕೆಲವು ತಿಂಗಳು ಹಿಡಿಯುತ್ತದೆ, ಯಾಕೆಂದರೆ ಮಗುವಿನ ಸುರಕ್ಷತೆಯ ವಿಷಯ. ಪೂರ್ತಿ ಹೊರಲು ಆಗದವರು ವಾರಾಂತ್ಯಕ್ಕೆ ಮಾತ್ರ ನೋಡಿಕೊಂಡು, ಬೇರೆ ಫಾಸ್ಟರ್ ಕುಟುಂಬಕ್ಕೆ ಉಸಿರಾಡಲು ಬಿಡುವು ಕೊಡಬಹುದು.

ನಿಮ್ಮ ಕೌನ್ಸಿಲ್‌ಗೆ ಫೋನ್ ಮಾಡಿದರೆ ಮಾಹಿತಿ ಸಭೆ ಯಾವಾಗ ಎಂದು ಹೇಳುತ್ತಾರೆ. ಕೇಳಿದ ಮಾತ್ರಕ್ಕೆ ಒಪ್ಪಿಕೊಂಡ ಹಾಗಲ್ಲ. ಮುಂದಿನ ದೀಪಾವಳಿ ಕಾರ್ಯಕ್ರಮದ ದಿನ ಊಟದ ಹಾಲಿನ ಬಾಗಿಲ ಬಳಿ ಒಂದು ಮೇಜು ಹಾಕಿಸುತ್ತಿದ್ದೇವೆ. ಈ ವಿಷಯ ತಿಳಿದವರು ಅಲ್ಲಿ ಕೂತಿರುತ್ತಾರೆ. ಅದಕ್ಕೆ ಮುಂಚೆ ಮನೆಯವರೆಲ್ಲ ಕೂತು ಮಾತಾಡಿ. ಮಕ್ಕಳನ್ನೂ ಕೇಳಿ, ಕೋಣೆ ಅವರದ್ದಲ್ಲವೇ! ಅನುಮಾನಗಳನ್ನೆಲ್ಲ ಬರೆದುಕೊಂಡು ಬನ್ನಿ.

— ಸಂಪಾದಕರು