ಹರಾಜು ರದ್ದಾಯಿತು: ನೆರವಾದವರಿಗೆ ವಂದನೆ

ನಮ್ಮ ಜಮೀನಿನ ಹರಾಜನ್ನು ತೀರ್ಪನ್ನು ಜಾರಿಗೆ ತರುವ ಅಮಲ್ಜಾರಿ ನ್ಯಾಯಾಲಯವು ರದ್ದುಪಡಿಸಿದೆ. ಆದೇಶದ ದೃಢೀಕೃತ ಪ್ರತಿ ಕೈಸೇರುವವರೆಗೆ ಏನನ್ನೂ ಬರೆಯಬಾರದೆಂದು ಕಾದಿದ್ದೆ, ಈಗ ಬರೆಯುತ್ತಿದ್ದೇನೆ. ತಂದೆಯವರು ಯಾರ ಸಾಲಕ್ಕೆ ಜಾಮೀನು ನಿಂತರು, ದಾವೆ ಹೇಗೆ ಡಿಕ್ರಿಯಾಯಿತು (ಸಾಲ ಕೊಟ್ಟವರ ಪರ ತೀರ್ಪಾಯಿತು), ಅವರು ತೀರಿಕೊಂಡ ಮೇಲೆ ಜಪ್ತಿಯ ನೋಟಿಸು ನಮ್ಮ ಹೆಸರಿಗೆ ಹೇಗೆ ಬಂತು ಎಂಬುದೆಲ್ಲ ಇದನ್ನು ಓದುವ ಬಹುಪಾಲು ಜನರಿಗೆ ಗೊತ್ತೇ ಇದೆ.

ಕೇಳುವ ಮೊದಲೇ ಹಣ ಕೊಟ್ಟ ಚಿಕ್ಕಮ್ಮಂದಿರಿಗೆ, ಒಡವೆ ಅಡವಿಟ್ಟ ಅತ್ತಿಗೆಗೆ, ನನ್ನ ಪಾಲಿನ ಕೆಲಸವನ್ನೂ ಮಾಡಿಕೊಟ್ಟ ಸಹೋದ್ಯೋಗಿಗಳಿಗೆ, ಶುಲ್ಕದ ಮಾತನ್ನು ಕೊನೆಯವರೆಗೂ ಎತ್ತದ ವಕೀಲರಿಗೆ ನಾವು ಋಣಿಗಳು. ಅವರೆಲ್ಲರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದ್ದಕ್ಕೆ ಯಾರೂ ಬೇಸರಿಸುವುದಿಲ್ಲವೆಂದು ಬಲ್ಲೆ. ಏಕೆಂದರೆ ಈ ಬರಹದ ಹೆಚ್ಚಿನ ಭಾಗ ಯಾರಿಗೆ ಸಲ್ಲಬೇಕೆಂಬುದು ಅವರಿಗೂ ಗೊತ್ತು.

ಅದು ಸಲ್ಲಬೇಕಾದದ್ದು ನಮ್ಮ ವಕೀಲರ ಗುಮಾಸ್ತರಿಗೆ. ಹೆಸರು ಹಾಕಬೇಡವೆಂದು ಅವರೇ ಹೇಳಿದ್ದಾರೆ.

ಹರಾಜು ಮುಗಿದ ಮೇಲೆ ನಮ್ಮ ಮನೆಯಲ್ಲಿ ಉಳಿದದ್ದು ಸಿಟ್ಟು ಮಾತ್ರ. ಜಮೀನು ಕಡಿಮೆ ಬೆಲೆಗೆ ಹೋಯಿತು, ಘೋಷಣೆ ಸರಿಯಾಗಿ ಆಗಲಿಲ್ಲ, ಇದರಲ್ಲಿ ಮೋಸವಿದೆ ಎಂದು ಅಣ್ಣ ಹಟ ಹಿಡಿದಿದ್ದ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21ರ ನಿಯಮ 90ರ ಅಡಿಯಲ್ಲಿ ಹಾಗೆ ತಕರಾರು ಎತ್ತಲು ಅವಕಾಶವಿದೆ. ಆದರೆ ಅಲ್ಲಿ ಗಣನೀಯ ಲೋಪವನ್ನೋ ವಂಚನೆಯನ್ನೋ ತೋರಿಸಿದರೆ ಸಾಲದು, ಅದರಿಂದ ನಮಗೆ ದೊಡ್ಡ ನಷ್ಟವಾಯಿತೆಂದೂ ಸಾಬೀತುಪಡಿಸಬೇಕು. ಅದರ ಹಿಂದಿನ ನಿಯಮ 89 ಯಾರ ತಪ್ಪನ್ನೂ ಕೇಳುವುದಿಲ್ಲ. ಹರಾಜು ಘೋಷಣೆಯಲ್ಲಿ ನಮೂದಾದ ಬಾಕಿಯನ್ನು ಸಾಲ ಕೊಟ್ಟು ತೀರ್ಪು ಪಡೆದ ಡಿಕ್ರಿದಾರರಿಗೆಂದೂ, ಹರಾಜಿನ ಬೆಲೆಯ ನೂರಕ್ಕೆ ಐದರಷ್ಟನ್ನು ಕೊಂಡವರಿಗೆಂದೂ ಹರಾಜಾದ ಅರುವತ್ತು ದಿನದೊಳಗೆ ನ್ಯಾಯಾಲಯದಲ್ಲಿ ಠೇವಣಿ ಇಟ್ಟು ಅರ್ಜಿ ಹಾಕಿದರೆ ಹರಾಜು ರದ್ದಾಗುತ್ತದೆ. ಎರಡೂ ದೋಣಿಯಲ್ಲಿ ಕಾಲಿಡಲು ಬಿಡುವುದಿಲ್ಲ. ನಿಯಮ 90ರ ಅರ್ಜಿ ಹಾಕಿದವರು ಅದನ್ನು ಹಿಂತೆಗೆದುಕೊಳ್ಳದೆ 89ಕ್ಕೆ ಬರುವಂತಿಲ್ಲ. ಗುಮಾಸ್ತರು ಅಣ್ಣನ ಮಾತನ್ನೆಲ್ಲ ಕೇಳಿ, "ನಿಮ್ಮ ದೂರು ನಿಜವೇ ಇರಬಹುದಪ್ಪಾ, ನಾನು ಇಲ್ಲವೆನ್ನುವುದಿಲ್ಲ. ಅದನ್ನು ಸಾಬೀತು ಮಾಡುವಷ್ಟರಲ್ಲಿ ಅರುವತ್ತು ದಿನ ಕಳೆದುಹೋಗುತ್ತದೆ" ಎಂದರು. ನಾವು ಸರಿಯೆಂದು ತೋರಿಸಿಕೊಳ್ಳುವ ಆಸೆಯನ್ನು ಬಿಟ್ಟರೆ ಮಾತ್ರ ಜಮೀನು ಉಳಿಯುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿ ಒಪ್ಪಿಸಿದವರು ಅವರೊಬ್ಬರೇ.

ಆ ಅರುವತ್ತು ದಿನಗಳ ಬಗ್ಗೆ ಅವರಿಗಿದ್ದ ಭಯ ನನಗೆ ಮೊದಮೊದಲು ಅತಿಯೆನ್ನಿಸಿತ್ತು. ಅರ್ಜಿಯ ಅವಧಿಯನ್ನು 1976ರ ತಿದ್ದುಪಡಿಯು 30 ದಿನಗಳಿಂದ 60ಕ್ಕೆ ಏರಿಸಿದರೂ, ಹಣ ಕಟ್ಟುವ ಅವಧಿ ಮಾತ್ರ ನಿಯಮ 92ರಲ್ಲಿ 30 ದಿನವೆಂದೇ ಉಳಿದಿತ್ತು. ಅದೂ 60 ಆದದ್ದು 2002ರಲ್ಲಿ. ಆ ನಡುವಿನ ಗೊಂದಲದಲ್ಲಿ ಅಲೆದಾಡಿದ ಕಕ್ಷಿದಾರರನ್ನು ಅವರು ಕಣ್ಣಾರೆ ಕಂಡವರು. ಇಂದಿಗೂ ಒಂದು ದಿನ ತಡವಾದರೆ ಮನ್ನಿಸಿ ಎಂದು ಬೇಡಲು ದಾರಿಯಿಲ್ಲ, ಏಕೆಂದರೆ ತಡವನ್ನು ಮನ್ನಿಸುವ ಲಿಮಿಟೇಷನ್ ಕಾಯ್ದೆಯ 5ನೇ ಕಲಮು ಆದೇಶ 21ರ ಅರ್ಜಿಗಳನ್ನು ಹೊರಗಿಟ್ಟಿದೆ.

ಗಡುವಿನ ಹಿಂದಿನ ರಾತ್ರಿ ವಕೀಲರ ಕಚೇರಿಯಲ್ಲಿ ನಾನು, ಅತ್ತಿಗೆ ಮತ್ತು ಗುಮಾಸ್ತರು ಕುಳಿತಿದ್ದೆವು. ಘೋಷಣೆ ಹೊರಟ ಮೇಲೆ ಅಣ್ಣ ಡಿಕ್ರಿದಾರರ ಕಡೆಯವರಿಗೆ ಒಂದಿಷ್ಟು ನಗದು ಕೊಟ್ಟಿದ್ದ. ಅಂಥ ಹಣವನ್ನು ಕಳೆದು ಉಳಿದದ್ದನ್ನು ಕಟ್ಟಲು ನಿಯಮದಲ್ಲೇ ಅವಕಾಶವಿರುವುದರಿಂದ ನಾವು ಕಳೆದೇ ಲೆಕ್ಕ ಹಾಕಿ ಹಣ ಹೊಂದಿಸಿದ್ದೆವು. ಆದರೆ ಆ ರಸೀದಿಯಲ್ಲಿ ಪ್ರಕರಣದ ಸಂಖ್ಯೆಯೂ ಇರಲಿಲ್ಲ, ಸಹಿ ಯಾರದ್ದೆಂದು ಓದಲೂ ಬರುತ್ತಿರಲಿಲ್ಲ. ಗುಮಾಸ್ತರು ಅದನ್ನು ದೀಪದ ಕೆಳಗೆ ಹಿಡಿದು ನೋಡಿ, ಮಡಿಸಿ ನನ್ನ ಕೈಗೇ ಕೊಟ್ಟರು. "ಕಡತದಲ್ಲಿ ಇಲ್ಲದ್ದನ್ನು ಕಳೆಯಬೇಡಮ್ಮಾ. ಹೆಚ್ಚು ಕಟ್ಟಿದರೆ ವಾಪಸು ಕೇಳಬಹುದು, ಕಡಿಮೆ ಕಟ್ಟಿದರೆ ಅರ್ಜಿಯೇ ಬಿದ್ದುಹೋಗುತ್ತದೆ."

ಅಷ್ಟು ಹಣ ನಮ್ಮಲ್ಲಿರಲಿಲ್ಲ. ಹೋಗಲಿ ಬಿಡಿ ಎಂದು ನಾನು ಹೇಳಿದ್ದು ಆಗಲೇ. ಯಾರೋ ಪಡೆದ ಸಾಲಕ್ಕೆ ಕಣ್ಣುಮುಚ್ಚಿ ಸಹಿ ಹಾಕಿ, ಉತ್ತರ ಕೊಡುವ ಕಾಲಕ್ಕೆ ಇಲ್ಲದೇ ಹೋದ ಅಪ್ಪನ ಮೇಲೆ ಬಂದ ಕೋಪವನ್ನು ಅವರೆದುರೇ ಆಡಿಬಿಟ್ಟೆ. ಸತ್ತವರನ್ನು ಹಾಗೆ ಬೈದದ್ದನ್ನು ಅತ್ತಿಗೆಯೂ ಕೇಳಿಸಿಕೊಂಡರು. ಗುಮಾಸ್ತರು ಸಮಾಧಾನದ ಮಾತು ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಘೋಷಣೆಯ ಪ್ರತಿಯನ್ನು ನನ್ನ ಮುಂದೆ ಸರಿಸಿ, "ಅಂಕಿ ಓದು, ನಾನು ಬರೆದುಕೊಳ್ಳುತ್ತೇನೆ" ಎಂದರು. ನಾನು ಓದಿದೆ, ಅವರು ಸೀಸದ ಕಡ್ಡಿಯಲ್ಲಿ ಬರೆದರು. ಆಮೇಲೆ ಅವರು ಓದಿದರು, ನಾನು ಬರೆದೆ. ಎರಡು ಹಾಳೆಯ ಮೊತ್ತ ತಾಳೆಯಾದ ಮೇಲಷ್ಟೇ ಚಲನ್ ತುಂಬಿದರು. ಕೊರತೆಯಾದ ಹಣವನ್ನು ಅಷ್ಟು ಹೊತ್ತಿನಲ್ಲಿ ಫೋನ್ ಎತ್ತಿದ ಸ್ನೇಹಿತರು ತುಂಬಿದರು. ಅವರು ಹಣ ಹೊಂದಿಸಿಕೊಟ್ಟದ್ದು ಬೆಳಗಿನ ಜಾವಕ್ಕೆ, ಗುಮಾಸ್ತರು ಮನೆಗೆ ಹೋದದ್ದು ಅದರ ನಂತರ, ಮತ್ತೆ ನ್ಯಾಯಾಲಯದ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದರು.

ಹರಾಜಿನಲ್ಲಿ ಕೊಂಡವರಿಗೂ ಇಲ್ಲಿ ಒಂದು ಮಾತು ಸಲ್ಲಬೇಕು. ನಾಲ್ಕನೇ ಒಂದು ಪಾಲನ್ನು ಹರಾಜಿನ ದಿನವೇ, ಉಳಿದದ್ದನ್ನು 15 ದಿನದೊಳಗೆ ಕಟ್ಟಿ, ಜಮೀನು ತಮ್ಮದೆಂದು ನಂಬಿದ್ದವರು ಅವರು. ಶೇಕಡಾ ಐದು ಅವರ ನಿರಾಸೆಗೆ ಕಾನೂನು ಕಟ್ಟಿದ ಬೆಲೆ, ನನ್ನ ಮಟ್ಟಿಗೆ ಅದು ದುಬಾರಿಯೇನಲ್ಲ. ನೋಟಿಸು ತಲುಪಿದಾಗ ತಕರಾರು ಮಾಡಿ ವಿಚಾರಣೆಯನ್ನು ಎಳೆಯಬಹುದಿತ್ತು. ಅವರು ಹಾಗೆ ಮಾಡಲಿಲ್ಲ.

ಲೆಕ್ಕ ಇನ್ನೂ ಪೂರ್ತಿ ಮುಗಿದಿಲ್ಲ. ಘೋಷಣೆಯಲ್ಲಿ ಸೇರದ ಬಡ್ಡಿ ಮತ್ತು ಖರ್ಚಿನ ಹೊಣೆ ಹರಾಜು ರದ್ದಾದರೂ ತಪ್ಪುವುದಿಲ್ಲ. ಅದನ್ನು ಕಂತಿನಲ್ಲಿ ತೀರಿಸಲು ಡಿಕ್ರಿದಾರರು ಒಪ್ಪಿದ್ದಾರೆ. ಆ ರಾತ್ರಿ ಹಣ ಕಳುಹಿಸಿದವರಲ್ಲಿ ಕೆಲವರು ಮೊತ್ತವನ್ನು ಬರೆದಿಡಲೂ ಬಿಟ್ಟಿರಲಿಲ್ಲ. ದಯವಿಟ್ಟು ನಿಮ್ಮ ನಿಮ್ಮ ಮೊತ್ತವನ್ನು ನನಗಾಗಲಿ ಅತ್ತಿಗೆಗಾಗಲಿ ತಿಳಿಸಿ. ಈ ಸಲದ ಬೆಳೆಯ ಹಣ ಬಂದ ಕೂಡಲೇ ಚಿಕ್ಕ ಮೊತ್ತಗಳಿಂದ ಆರಂಭಿಸಿ ಹಿಂದಿರುಗಿಸುತ್ತೇವೆ.