ಹೆಂಚು ಸರಿಸಿದ ಅಣ್ಣನಿಗೆ

ಕಳೆದ ಜನವರಿಯಲ್ಲಿ ಶಿರಸಿಯ ಕಡೆಯ ಹಳೆಯ ಹೆಂಚಿನ ಮನೆಯೊಂದರಲ್ಲಿ ನಾವು ಐದು ಜನ ಕಿರುಚಿತ್ರ ಮಾಡುತ್ತಿದ್ದೆವು. ದೀಪಗಳನ್ನು ಬಾಡಿಗೆಗೆ ತರಲು ಹಣವಿರಲಿಲ್ಲ. ಸೂರ್ಯನನ್ನೇ ನಂಬಿ ಹೊರಟಿದ್ದೆವು. ಆದರೆ ಆ ಅಡುಗೆಮನೆಗೆ ಇದ್ದದ್ದು ಒಂದೇ ಗಾಜಿನ ಹೆಂಚು, ಅದೂ ಮಸಿ ಹಿಡಿದದ್ದು. ಕ್ಯಾಮೆರಾದ ಐಎಸ್‌ಒ, ಅಂದರೆ ಬೆಳಕಿಗೆ ಅದು ಸ್ಪಂದಿಸುವ ಮಟ್ಟವನ್ನು, 3200ಕ್ಕೆ ಏರಿಸಿದರೆ ಅಜ್ಜಿಯ ಪಾತ್ರ ಮಾಡಿದವರ ಮುಖದ ತುಂಬ ಬರೀ ಚುಕ್ಕೆಗಳೇ ಕಾಣುತ್ತಿದ್ದವು.

ಪಕ್ಕದ ತೋಟಕ್ಕೆ ಅಡಿಕೆ ಕೊಯ್ಲಿಗೆಂದು ಬಂದಿದ್ದ ನೀವು ಬಾಗಿಲಲ್ಲಿ ನಿಂತು ನೋಡುತ್ತಿದ್ದಿರಿ. ಮನೆಯ ಯಜಮಾನರನ್ನು ಒಂದು ಮಾತು ಕೇಳಿ, ಮಾಡು ಹತ್ತಿ ನಾಲ್ಕು ಹೆಂಚು ಸರಿಸಿದಿರಿ. ಒಲೆಯ ಹೊಗೆಯ ನಡುವೆ ಬಿಸಿಲಕೋಲು ಇಳಿದ ಆ ಗಳಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಐಎಸ್‌ಒ 400 ಸಾಕಾಯಿತು! ಮುಖದ ಇನ್ನೊಂದು ಪಕ್ಕ ಕಪ್ಪಾಗುತ್ತಿದೆ ಎಂದು ನಾವು ಪೇಚಾಡುವಾಗ, ಹೆಗಲ ಮೇಲಿನ ಬಿಳಿ ಪಂಚೆಯನ್ನು ಬಿಡಿಸಿ, ಬೆಳಕು ಅದಕ್ಕೆ ಬಡಿದು ಅವರ ಕೆನ್ನೆಗೆ ತಾಗುವಂತೆ ಹಿಡಿದಿರಿ. ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಿಸಿಲು ಸರಿದಂತೆ ನೀವೂ ಅರ್ಧರ್ಧ ಹೆಜ್ಜೆ ಸರಿಯುತ್ತಿದ್ದಿರಿ. ಮುಕ್ಕಾಲು ಗಂಟೆ ತೋಳು ಇಳಿಸಲಿಲ್ಲ.

ಹೆಂಚುಗಳನ್ನು ಮೊದಲಿನಂತೆಯೇ ಹೊಂದಿಸಿ ಕೆಳಗಿಳಿದಿರಿ. ಹಣ ಕೊಡಲು ಬಂದರೆ ಬೇಡವೆಂದು, ಒಂದು ಲೋಟ ಚಹಾ ಕುಡಿದು ತೋಟಕ್ಕೆ ನಡೆದಿರಿ. ಹೆಸರು ಕೇಳಬೇಕಿತ್ತು; ಬೆಳಕು ಹೋಗುವ ಮುನ್ನ ಮುಂದಿನ ದೃಶ್ಯ ಮುಗಿಸುವ ಆತುರದಲ್ಲಿ ಕೇಳಲಿಲ್ಲ. ಕ್ಷಮಿಸಿ ಅಣ್ಣ.

ಚಿತ್ರದ ಕೊನೆಯಲ್ಲಿ ‘ಬೆಳಕು’ ಎಂಬ ಪದದ ಎದುರು ‘ಅಡಿಕೆ ಕೊಯ್ಲಿಗೆ ಬಂದಿದ್ದ ಅಣ್ಣ’ ಎಂದು ಬರೆದಿದ್ದೇವೆ. ಅದೇ ಮನೆಯ ಅಂಗಳದಲ್ಲಿ ಪರದೆ ಕಟ್ಟಿ ತೋರಿಸಲಿದ್ದೇವೆ. ಮನೆಮಂದಿಯನ್ನೆಲ್ಲ ಕರೆದುಕೊಂಡು ಬನ್ನಿ.