ಸೈಲೆನ್ಸರ್ ಬದಲಿಸುವ ಮುನ್ನ ಅಳತೆ ತೆಗೆಯಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ, ಕಾಲೇಜು ಆವರಣಗಳಲ್ಲಿ, ಹೊರವಲಯದ ನರ್ಸರಿ ಹಾಗೂ ತೋಟದ ಮನೆಗಳಲ್ಲಿ ಹುಲ್ಲು ಕತ್ತರಿಸಲು, ಮಣ್ಣು ಗೊಬ್ಬರ ಸಾಗಿಸಲು ಪುಟ್ಟ ಗಾರ್ಡನ್ ಟ್ರಾಕ್ಟರ್‌ಗಳನ್ನು ಬಳಸುವುದು ಈಗ ಅಪರೂಪವಲ್ಲ. ಆದರೆ ಇವುಗಳ ಸೈಲೆನ್ಸರ್ ತೂತು ಬಿದ್ದ ಮೇಲೆ ಅದರ ಜಾಗಕ್ಕೆ ಏನು ಬರುತ್ತಿದೆ ಎಂಬುದನ್ನು ನೋಡಿದರೆ ಕಸಿವಿಸಿಯಾಗುತ್ತದೆ. ಒಂದು ಕಡೆ ಗುಜರಿಯಿಂದ ತಂದ ಬೈಕಿನ ಸೈಲೆನ್ಸರನ್ನು ಅರ್ಧಕ್ಕೆ ಕತ್ತರಿಸಿ ವೆಲ್ಡ್ ಮಾಡಿರುತ್ತಾರೆ. ಇನ್ನೊಂದು ಕಡೆ ನಲ್ಲಿಗೆ ಬಳಸುವ ಜಿ.ಐ. ಪೈಪಿನ ತುಂಡೇ ಸೈಲೆನ್ಸರಿನ ಸ್ಥಾನವನ್ನು ಅಲಂಕರಿಸಿರುತ್ತದೆ. ಯಂತ್ರಶಾಲೆಯೊಂದರಲ್ಲಿ ದೀರ್ಘಕಾಲ ದುಡಿದು ನಿವೃತ್ತನಾದ ನಾನು ಈ ವಿಷಯದಲ್ಲಿ ಹೇಳಬಯಸುವುದು ಇಷ್ಟೆ: ಬದಲಿ ಸೈಲೆನ್ಸರ್ ಎಂಬುದು ಬೆಲೆ ನೋಡಿಯೋ ಸದ್ದು ಕೇಳಿಯೋ ಆರಿಸುವ ವಸ್ತುವಲ್ಲ, ಎಂಜಿನ್ನಿನ ಮೇಲಿನ ಫಲಕವನ್ನು ಓದಿ, ಸರಿಯಾಗಿ ಅಳತೆ ತೆಗೆದು ಆರಿಸಬೇಕಾದದ್ದು.

ಮೊದಲು, ಸೈಲೆನ್ಸರ್ ಇಷ್ಟು ಬೇಗ ಏಕೆ ಹಾಳಾಗುತ್ತದೆ ಎಂಬುದನ್ನು ತಿಳಿಯುವುದು ಒಳ್ಳೆಯದು. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹೊರಬರುತ್ತದೆ. ಎಂಜಿನ್ ಬಹಳ ಹೊತ್ತು ಓಡಿ ಸೈಲೆನ್ಸರ್ ಚೆನ್ನಾಗಿ ಕಾದರೆ ಆ ಆವಿ ಹೊರಗೆ ಹೋಗಿಬಿಡುತ್ತದೆ. ನಮ್ಮ ನಗರದ ಹುಲ್ಲುಹಾಸುಗಳೋ ಚಿಕ್ಕವು. ಯಂತ್ರ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ಸೈಲೆನ್ಸರಿನ ತಂಪಾದ ಮೂಲೆಗಳಲ್ಲಿ ಆವಿ ನೀರಾಗಿ ಕೂರುತ್ತದೆ, ಹೊಗೆಯಲ್ಲಿರುವ ಆಮ್ಲೀಯ ಅಂಶ ಅದರಲ್ಲಿ ಕರಗಿ ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನ ಬಣ್ಣ ಇನ್ನೂ ಹೊಸದರಂತೆ ಕಾಣುತ್ತಿರುವಾಗಲೇ ಒಳಗಿನ ತಗಡು ಹಾಳೆಯಷ್ಟು ತೆಳ್ಳಗಾಗಿರುತ್ತದೆ. ಆದ್ದರಿಂದ ಸೈಲೆನ್ಸರನ್ನು ಕಣ್ಣಿನಿಂದ ಪರೀಕ್ಷಿಸಿದರೆ ಸಾಲದು. ಎಂಜಿನ್ ತಣ್ಣಗಿರುವಾಗ ಅದರ ತಳವನ್ನೂ ಬೆಸುಗೆಯ ಅಂಚುಗಳನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕು. ಕೆಲವು ಸೈಲೆನ್ಸರುಗಳ ತಳದಲ್ಲಿ ನೀರು ಬಸಿದುಹೋಗಲೆಂದೇ ಒಂದು ಸಣ್ಣ ರಂಧ್ರವಿರುತ್ತದೆ. ಅದನ್ನು ಸೋರಿಕೆ ಎಂದು ತಿಳಿದು ವೆಲ್ಡಿಂಗ್ ಮಾಡಿ ಮುಚ್ಚಿಸುವವರಿದ್ದಾರೆ. ಹಾಗೆ ಮುಚ್ಚಿದರೆ ನೀರು ಒಳಗೇ ನಿಂತು ಸೈಲೆನ್ಸರಿನ ಆಯುಸ್ಸು ಇನ್ನಷ್ಟು ಕುಗ್ಗುತ್ತದೆ.

ಸದ್ದು ಹೆಚ್ಚಾದ ಮಾತ್ರಕ್ಕೆ ಹೊಸ ಸೈಲೆನ್ಸರ್ ಬೇಕೆಂದೂ ಅಲ್ಲ. ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಹೊಗೆ ಸೋರದಂತೆ ಇಡುವ ತೆಳು ಪದರ, ಅಂದರೆ ಗ್ಯಾಸ್ಕೆಟ್, ಸುಟ್ಟುಹೋಗಿದ್ದರೆ ಜೋಡಣೆಯ ಸುತ್ತ ಕಪ್ಪು ಮಸಿಯ ಗೆರೆ ಕಾಣುತ್ತದೆ. ಥ್ರಾಟಲ್ ಇಳಿಸಿದಾಗ ಪಟಪಟ ಸಿಡಿಯುವ ಸದ್ದೂ ಬರಬಹುದು. ಅಲ್ಲಿ ಅಗ್ಗದ ಒಂದು ಹೊಸ ಗ್ಯಾಸ್ಕೆಟ್ ಸಾಕು. ಇದಕ್ಕೆ ವಿರುದ್ಧವಾಗಿ, ಎಂಜಿನ್ ಶಕ್ತಿ ಕಳೆದುಕೊಂಡು ಏದುಸಿರು ಬಿಡುತ್ತಿದ್ದರೆ ಕಿಡಿ ತಡೆಯಲೆಂದು ಸೈಲೆನ್ಸರಿನ ಬಾಯಲ್ಲಿ ಇಟ್ಟಿರುವ ಸಣ್ಣ ಜಾಲರಿ ಮಸಿಯಿಂದ ಕಟ್ಟಿಕೊಂಡಿರಬಹುದು. ಅದನ್ನು ಬಿಚ್ಚಿ ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಎಂಜಿನ್ ಮೊದಲಿನಂತಾಗುತ್ತದೆ. ಕೆಲವರು ಈ ಜಾಲರಿಯನ್ನೇ ಕಿತ್ತೆಸೆಯುತ್ತಾರೆ; ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ಓಡುವ ಯಂತ್ರಕ್ಕೆ ಅದು ತಕ್ಕುದಲ್ಲ.

ಬದಲಿಸಲೇಬೇಕೆಂದಾದಾಗ ನಮ್ಮ ಜನ ಹಳೆಯ ಸೈಲೆನ್ಸರನ್ನು ಚೀಲದಲ್ಲಿ ಹಾಕಿಕೊಂಡು ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೋ ಎಸ್.ಪಿ. ರಸ್ತೆಗೋ ಹೋಗುತ್ತಾರೆ. ಹೋಗುವುದು ತಪ್ಪಲ್ಲ, ಅಂಗಡಿಯವರ ಕಣ್ಣಂದಾಜೂ ಸಾಮಾನ್ಯವಾದುದಲ್ಲ. ಆದರೆ ಅವರು ಕೇಳುವ ಮೊದಲ ಪ್ರಶ್ನೆ ‘ಯಾವ ಕಂಪನಿಯ ಟ್ರಾಕ್ಟರ್?’ ಎಂಬುದಾಗಿರುತ್ತದೆ, ನಾವೂ ಬಾನೆಟ್ಟಿನ ಮೇಲಿನ ಹೆಸರನ್ನೇ ಹೇಳುತ್ತೇವೆ. ಗಾರ್ಡನ್ ಟ್ರಾಕ್ಟರುಗಳಲ್ಲಿ ಯಂತ್ರ ಜೋಡಿಸಿದ ಕಂಪನಿ ಒಂದು, ಎಂಜಿನ್ ತಯಾರಿಸಿದ ಕಂಪನಿ ಇನ್ನೊಂದು ಆಗಿರುವುದೇ ಹೆಚ್ಚು. ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್, ಕೋಹ್ಲರ್, ಕವಾಸಾಕಿ, ಹೋಂಡಾ ಮೊದಲಾದವರ ಎಂಜಿನ್ನುಗಳು ಹಲವು ಹೆಸರಿನ ಟ್ರಾಕ್ಟರುಗಳಲ್ಲಿ ಇರುತ್ತವೆ. ಸೈಲೆನ್ಸರ್ ಸೇರಬೇಕಾದದ್ದು ಎಂಜಿನ್ನಿಗೆ. ಬ್ರಿಗ್ಸ್ ಎಂಜಿನ್ನಾದರೆ ಅದರ ಹೊದಿಕೆಯ ಮೇಲೆ ಮಾಡೆಲ್, ಟೈಪ್, ಕೋಡ್ ಎಂದು ಮೂರು ಸಂಖ್ಯೆಗಳನ್ನು ಒತ್ತಿರುತ್ತಾರೆ; ಮೂರನ್ನೂ ಬರೆದುಕೊಂಡು ಹೋಗಬೇಕು. ಒಂದೇ ಮಾಡೆಲ್ಲಿನಲ್ಲಿ ಟೈಪ್ ಬೇರೆಯಾದರೂ ಬಿಡಿಭಾಗಗಳು ಬದಲಾಗಬಹುದು. ಜೊತೆಗೆ ಬಾನೆಟ್ಟಿನ ಒಳಗೆ ಎಷ್ಟು ಜಾಗವಿದೆ, ಹೊಗೆಯ ಬಾಯಿ ಯಾವ ಕಡೆಗೆ ತಿರುಗಿರಬೇಕು ಎಂಬುದನ್ನು ನಿರ್ಧರಿಸುವುದು ಟ್ರಾಕ್ಟರ್ ಆದ್ದರಿಂದ, ಎರಡು ದಿಕ್ಕಿನಿಂದ ತೆಗೆದ ಫೋಟೊ ಒಂದೊಂದು ಫೋನಿನಲ್ಲಿರಲಿ.

ಇನ್ನು ಅಳತೆಯ ಮಾತು. ಹೆಚ್ಚಿನ ದುಡ್ಡು ಪೋಲಾಗುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸಣ್ಣ ಎಂಜಿನ್ನುಗಳ ಕೆಲವು ಸೈಲೆನ್ಸರುಗಳು ನೇರವಾಗಿ ಥ್ರೆಡ್ಡಿನ (ತಿರುಪಿನ ಸುತ್ತುಗಳ) ಮೇಲೆ ತಿರುಗಿ ಕೂರುತ್ತವೆ. ಇವುಗಳನ್ನು ಅರ್ಧ ಇಂಚು, ಮುಕ್ಕಾಲು ಇಂಚು, ಒಂದು ಇಂಚು ಎಂದು ಕರೆಯುತ್ತಾರೆ. ಆದರೆ ವರ್ನಿಯರ್ ಎಂಬ ಅಳತೆ ಉಪಕರಣ ಹಿಡಿದು ಅರ್ಧ ಇಂಚಿನ ಥ್ರೆಡ್ಡಿನ ಹೊರ ಅಳತೆ ನೋಡಿದರೆ ಸುಮಾರು 21 ಮಿಲಿಮೀಟರ್ ಬರುತ್ತದೆ. ಮುಕ್ಕಾಲು ಇಂಚಿಗೆ ಸುಮಾರು 26.5, ಒಂದು ಇಂಚಿಗೆ 33. ಪೈಪಿನ ಹೆಸರು ಹಳೆಯ ಕಾಲದ ಒಳ ಅಳತೆಯಿಂದ ಬಂದದ್ದು. ಈಗ ಅದು ಹೆಸರಷ್ಟೆ. 21 ಮಿಲಿಮೀಟರ್ ಕಂಡು ಅದನ್ನು ಮುಕ್ಕಾಲು ಇಂಚು ಎಂದು ತಿಳಿದು ಕೊಂಡವರು ವಾಪಸ್ ಅಂಗಡಿಗೆ ಹೋಗಲೇಬೇಕು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಅಮೆರಿಕದ ವಿನ್ಯಾಸದ ಎಂಜಿನ್ನುಗಳಲ್ಲಿ ಇರುವುದು ಎನ್.ಪಿ.ಟಿ. ಎಂಬ ಅಲ್ಲಿನ ಪೈಪ್ ಥ್ರೆಡ್. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ, ನಲ್ಲಿ ಕೆಲಸದವರ ಬಳಿ ಸಿಗುವುದು ಬಿ.ಎಸ್.ಪಿ. ಎಂಬ ಬ್ರಿಟಿಷ್ ಥ್ರೆಡ್. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತುಗಳೇ ಇರುವುದರಿಂದ ಜಿ.ಐ. ನಿಪ್ಪಲ್ (ಥ್ರೆಡ್ ಇರುವ ಪೈಪಿನ ಗಿಡ್ಡ ತುಂಡು) ತಿರುಗಿಸಿದರೆ ಒಳಗೆ ಹೋಗುತ್ತದೆ, ಕೂತಿತು ಎಂದೂ ಅನ್ನಿಸುತ್ತದೆ. ಆದರೆ ಥ್ರೆಡ್ಡಿನ ಕೋನ ಎನ್.ಪಿ.ಟಿ.ಯದು 60 ಡಿಗ್ರಿ, ಬಿ.ಎಸ್.ಪಿ.ಯದು 55. ಹೊರ ಅಳತೆಯಲ್ಲೂ ಕೊಂಚ ವ್ಯತ್ಯಾಸವಿದೆ. ಒಂದು ಇಂಚಿನಲ್ಲಂತೂ ಸುತ್ತುಗಳೇ ಬೇರೆ, ಎನ್.ಪಿ.ಟಿ.ಗೆ ಹನ್ನೊಂದೂವರೆ, ಬಿ.ಎಸ್.ಪಿ.ಗೆ ಹನ್ನೊಂದು. ಹೀಗೆ ಅರೆಬರೆಯಾಗಿ ಕೂತ ಜೋಡಣೆ ಎಂಜಿನ್ನಿನ ನಡುಕಕ್ಕೆ ಸಡಿಲವಾಗುತ್ತಾ ಅಲ್ಯೂಮಿನಿಯಂ ಮೈಯಲ್ಲಿರುವ ಥ್ರೆಡ್ಡನ್ನೇ ಸವೆಸುತ್ತದೆ. ಆಮೇಲೆ ಸೈಲೆನ್ಸರ್ ಬದಲಿಸುವ ಕೆಲಸ ಹೋಗಿ ಎಂಜಿನ್ ರಿಪೇರಿ ಬರುತ್ತದೆ. ನಲ್ಲಿ ಕೆಲಸದವರು ಅಭ್ಯಾಸಬಲದಿಂದ ಸುತ್ತುವ ಟೆಫ್ಲಾನ್ ಟೇಪ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖಕ್ಕೆ ನಿಲ್ಲುವುದಿಲ್ಲ, ಕೆಟ್ಟ ಹೊಗೆಯನ್ನೂ ಬಿಡುತ್ತದೆ. ಜಿ.ಐ. ಪೈಪಿನ ಮೇಲಿನ ಸತುವಿನ ಲೇಪ 419 ಡಿಗ್ರಿಗೆ ಕರಗುತ್ತದೆ. ಅದನ್ನು ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆಯನ್ನು ಉಸಿರಾಡಿದ ವೆಲ್ಡರ್‌ಗೆ ಸಂಜೆಯ ಹೊತ್ತಿಗೆ ಚಳಿಜ್ವರ ಬರುವುದುಂಟು. ನಲ್ಲಿಯ ಸಾಮಾನು ನಲ್ಲಿಗೇ ಇರಲಿ.

ಫ್ಲ್ಯಾಂಜ್, ಅಂದರೆ ಬೋಲ್ಟ್ ಹಾಕಿ ಬಿಗಿಯುವ ಚಪ್ಪಟೆ ಪಟ್ಟಿ, ಇರುವ ಸೈಲೆನ್ಸರ್ ಆದರೆ ಎರಡು ಬೋಲ್ಟ್ ರಂಧ್ರಗಳ ನಡುಮಧ್ಯದ ಅಂತರ, ಬೋಲ್ಟಿನ ಗಾತ್ರ ಮತ್ತು ಹೊಗೆ ಬರುವ ರಂಧ್ರದ ವ್ಯಾಸ ಇವನ್ನು ಅಳೆದರೆ ಸಾಕು. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡೂ ಕೊಳವೆಗಳ ನಡುವಿನ ಅಂತರವೂ ಬೇಕು. ಅಲ್ಲಿ ಬಗ್ಗಿಸಿ, ಎಳೆದು ಕೂರಿಸಿದರೆ ಸ್ಟಡ್ಡುಗಳು ತುಂಡಾಗುತ್ತವೆ.

ಈಗ ಬೈಕಿನ ಸೈಲೆನ್ಸರಿಗೆ ಬರುತ್ತೇನೆ. ‘ಅದೂ ಸೈಲೆನ್ಸರೇ ತಾನೆ’ ಎಂಬ ವಾದವನ್ನು ನಾನು ಅನೇಕರ ಬಾಯಲ್ಲಿ ಕೇಳಿದ್ದೇನೆ. ಒಂದು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 3,600 ಸುತ್ತು ತಿರುಗುವಾಗ ಸೆಕೆಂಡಿಗೆ 30 ಬಾರಿ ಹೊಗೆಯನ್ನು ಗುದ್ದಿ ಹೊರಹಾಕುತ್ತದೆ. ಇಷ್ಟು ತಗ್ಗಿದ ಸ್ಥಾಯಿಯ ಸದ್ದನ್ನು ಅಡಗಿಸಲು ಸೈಲೆನ್ಸರಿನ ಒಳಗೆ ಎಂಜಿನ್ನಿನ ಸಿ.ಸಿ.ಯ ಹಲವು ಪಟ್ಟು ಜಾಗ ಬೇಕು. ನೂರು ಸಿ.ಸಿ. ಬೈಕಿನ ಸೈಲೆನ್ಸರನ್ನು ಐನೂರು ಸಿ.ಸಿ. ಎಂಜಿನ್ನಿಗೆ ಕೂರಿಸುವುದೆಂದರೆ ಸೊಳ್ಳೆಪರದೆಯಿಂದ ಮಳೆ ತಡೆದಂತೆ. ಕತ್ತರಿಸಿದ ಮೇಲೆ ಒಳಗಿನ ತಡೆಗೋಡೆಗಳಲ್ಲಿ ಅರ್ಧ ಹೋಗಿರುತ್ತವೆ. 2020ರ ಏಪ್ರಿಲ್‌ನಿಂದ ಬಿ.ಎಸ್.6 ಎಂಬ ಹೊಗೆ ಮಾಲಿನ್ಯ ನಿಯಮ ಜಾರಿಗೆ ಬಂದ ಮೇಲಿನ ಬೈಕುಗಳ ಸೈಲೆನ್ಸರ್ ವ್ಯವಸ್ಥೆಯಲ್ಲಿ ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬೇರೆ ಇರುತ್ತದೆ. ಆ ಬೈಕಿನ ಹೊಗೆಯ ಪ್ರಮಾಣಕ್ಕೆ ಲೆಕ್ಕ ಹಾಕಿದ ಅದು ದೊಡ್ಡ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ತದ್ವಿರುದ್ಧವಾಗಿ ಬರಿಯ ಪೈಪ್ ಹಾಕಿದರೆ ಹೊಗೆ ಸಲೀಸಾಗಿ ಹೋಗುತ್ತದೆಂಬುದು ನಿಜ. ಆದರೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರಿನ ಜೆಟ್ಟನ್ನು (ಪೆಟ್ರೋಲ್ ಬರುವ ಸಣ್ಣ ರಂಧ್ರವನ್ನು) ಮೂಲ ಸೈಲೆನ್ಸರಿನ ತಡೆಯನ್ನು ಗಣಿಸಿ ಇಟ್ಟಿರುವುದರಿಂದ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಹೆಚ್ಚು ಬಿಸಿಯಾಗಬಹುದು. ಸದ್ದು ಜಾಸ್ತಿಯಾದರೆ ಶಕ್ತಿಯೂ ಜಾಸ್ತಿ ಎಂಬ ನಂಬಿಕೆಯನ್ನು ಬುಲೆಟ್ ಓಡಿಸುವ ಹುಡುಗರಿಗೇ ಬಿಡೋಣ. ರಾಜ್ಯದ ಕೆಲವು ಊರುಗಳಲ್ಲಿ ಪೊಲೀಸರು ಅಂಥ ಸೈಲೆನ್ಸರುಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹರಿಸಿದ್ದನ್ನು ಓದುಗರು ನೋಡಿದ್ದಾರೆ.

ಸೈಲೆನ್ಸರಿನ ಭಾರವನ್ನು ಹೊರುವುದು ಬ್ರಾಕೆಟ್ಟಿನ ಕೆಲಸ. ಮೂಲದಲ್ಲಿದ್ದ ಬ್ರಾಕೆಟ್ ಮುರಿದಿದೆಯೆಂದು ಅದನ್ನು ಬಿಟ್ಟು, ದಪ್ಪ ತಗಡಿನ ಭಾರವಾದ ಸೈಲೆನ್ಸರನ್ನು ಎರಡು ಬೋಲ್ಟುಗಳಿಗೇ ನೇತುಹಾಕಿದರೆ ನಡುಕಕ್ಕೆ ಕುತ್ತಿಗೆ ಬಿರುಕು ಬಿಡುತ್ತದೆ. ಹೊಗೆಯ ಬಾಯಿ ಪೆಟ್ರೋಲ್ ಟ್ಯಾಂಕಿನ ಕಡೆಗೂ, ಹುಲ್ಲಿನ ಕಡೆಗೂ, ಓಡಿಸುವವನ ಮುಖದ ಕಡೆಗೂ ತಿರುಗಿರಬಾರದು. ಮೂಲದಲ್ಲಿದ್ದ ಶಾಖ ತಡೆಯುವ ತಗಡನ್ನು ಮತ್ತೆ ಕೂರಿಸಲೇಬೇಕು. ಡೀಸೆಲ್ ಮಿನಿ ಟ್ರಾಕ್ಟರ್, ಪವರ್ ಟಿಲ್ಲರುಗಳಲ್ಲಿ ಸೈಲೆನ್ಸರ್ ಮೇಲ್ಮುಖವಾಗಿದ್ದರೆ ಅದರ ಬಾಯಿಗೆ ಮುಚ್ಚಳ ಬೇಕು. ನಮ್ಮ ರೈತರು ಖಾಲಿ ಡಬ್ಬವನ್ನು ಬೋರಲು ಹಾಕಿಡುತ್ತಾರಲ್ಲ, ಅದು ನಗುವ ವಿಷಯವಲ್ಲ. ಹೊಗೆ ಬಿಡುವ ವಾಲ್ವ್ ತೆರೆದ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದರೆ ಮಳೆನೀರು ಸಿಲಿಂಡರಿನವರೆಗೂ ಇಳಿಯುತ್ತದೆ.

ಲೋಹದ ವಿಚಾರದಲ್ಲಿ ಒಂದು ಎಚ್ಚರಿಕೆ. ಅಂಗಡಿಯಲ್ಲಿ ‘ಇದು ಎಸ್.ಎಸ್.’ (ಸ್ಟೇನ್‌ಲೆಸ್ ಉಕ್ಕು) ಎಂದು ಹೇಳಿದಾಗ ಜೇಬಿನಿಂದ ಅಯಸ್ಕಾಂತ ತೆಗೆದು ಪರೀಕ್ಷಿಸುವ ಜಾಣರಿದ್ದಾರೆ. ಪಾತ್ರೆಗೆ ಬಳಸುವ 304 ದರ್ಜೆಯ ಉಕ್ಕಿಗೆ ಅಯಸ್ಕಾಂತ ಹಿಡಿಯುವುದಿಲ್ಲವೆಂಬುದು ಸರಿ; ಆದರೆ ವಾಹನಗಳ ಸೈಲೆನ್ಸರಿಗೆ ವ್ಯಾಪಕವಾಗಿ ಬಳಸುವ 409 ದರ್ಜೆಗೆ ಅದು ಹಿಡಿಯುತ್ತದೆ, ಆದರೂ ಅದು ಸ್ಟೇನ್‌ಲೆಸ್ ಉಕ್ಕೇ. ನನ್ನ ಅಭಿಪ್ರಾಯದಲ್ಲಿ, ಸರಿಯಾದ ಅಳತೆಯ ಅಲ್ಯೂಮಿನಿಯಂ ಲೇಪಿತ ಉಕ್ಕಿನ ಸೈಲೆನ್ಸರ್ ಅಳತೆ ತಪ್ಪಿದ ದುಬಾರಿ ಸ್ಟೇನ್‌ಲೆಸ್‌ಗಿಂತ ಮೇಲು.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಕೃಷಿ ಟ್ರಾಕ್ಟರನ್ನೂ ಸೇರಿಸಿ ಎಲ್ಲ ಮೋಟಾರು ವಾಹನಗಳಿಗೆ ಸೈಲೆನ್ಸರ್ ಇರಬೇಕೆನ್ನುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55 ಡೆಸಿಬೆಲ್, ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯಕ್ಕೆ 50 ಡೆಸಿಬೆಲ್ ಮಿತಿ ಹಾಕಿವೆ. ಇವು ಪರಿಸರದ ಸರಾಸರಿ ಮಟ್ಟಗಳೇ ಹೊರತು ಒಂದು ಯಂತ್ರದ ಮಿತಿಗಳಲ್ಲ. ಆದರೂ ಹೈಕೋರ್ಟಿನ ಪಕ್ಕದ ಕಬ್ಬನ್ ಪಾರ್ಕಿನಂಥ ಕಡೆ ಎಂಥ ಯಂತ್ರ ಓಡಬೇಕೆಂಬುದಕ್ಕೆ ಅವು ಸೂಚನೆ. ಫೋನಿನ ಆ್ಯಪ್ ತೋರಿಸುವ ಅಂಕಿಯನ್ನು ಮುಂದಿಟ್ಟು ‘ಸದ್ದು ಹೆಚ್ಚಿಲ್ಲ’ ಎಂದು ವಾದಿಸುವವರು ಒಂದು ಅಂಶವನ್ನು ಗಮನಿಸಬೇಕು. ಸಾಮಾನ್ಯವಾಗಿ ಬಳಸುವ ‘ಎ’ ಮಾಪನ ತಗ್ಗಿದ ಸ್ಥಾಯಿಯ ಸದ್ದನ್ನು ಕಡಿಮೆ ಮಾಡಿ ಎಣಿಸುತ್ತದೆ. 63 ಹರ್ಟ್ಸ್ (ಸೆಕೆಂಡಿಗೆ 63 ಕಂಪನ) ಬಳಿ ಸುಮಾರು 26 ಡೆಸಿಬೆಲ್‌ಗಳನ್ನೇ ಕಳೆಯುತ್ತದೆ. ಕಿಟಕಿ ಗಾಜನ್ನು ನಡುಗಿಸುವ ಧಡಧಡ ಅಂಕಿಯಲ್ಲಿ ಪೂರ್ತಿ ಕಾಣದಿರುವುದು ಹೀಗೆ. ನೆರೆಯವರಿಗಿಂತ ಹೆಚ್ಚು ತೊಂದರೆ ಆ ಯಂತ್ರದ ಮೇಲೆ ಕೂತು ದುಡಿಯುವ ಮಾಲಿಗೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಮಾಡಬಹುದು; ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಆ ಅವಧಿ ಅರ್ಧವಾಗುತ್ತಾ 94 ಡೆಸಿಬೆಲ್‌ಗೆ ಒಂದೇ ಗಂಟೆಗೆ ಇಳಿಯುತ್ತದೆ. ಹುಲ್ಲು ಕತ್ತರಿಸುವ ಗುತ್ತಿಗೆ ಕಾರ್ಮಿಕನಿಗೆ ಕಿವಿಗೆ ಮುಚ್ಚುವ ಸಾಧನ ಕೊಟ್ಟಿರುವುದನ್ನು ನಾನು ನೋಡಿದ್ದು ಕಡಿಮೆ.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ ಎರಡು. ಬಿಡಿಭಾಗದ ವ್ಯಾಪಾರಿಗಳು ಸೈಲೆನ್ಸರಿನ ಡಬ್ಬದ ಮೇಲೆ ಎಂಜಿನ್ ಮಾಡೆಲ್ಲಿನ ಜೊತೆಗೆ ಥ್ರೆಡ್ಡಿನ ಬಗೆ ಅಥವಾ ಫ್ಲ್ಯಾಂಜಿನ ಅಂತರವನ್ನು ಮಿಲಿಮೀಟರಿನಲ್ಲಿ ಬರೆಯಲಿ. ಒಂದು ಚೀಟಿ ಅಂಟಿಸುವಷ್ಟರ ಕೆಲಸ ಅದು. ನಿವಾಸಿಗಳ ಸಂಘಗಳು, ಕಾಲೇಜುಗಳು, ತೋಟಗಾರಿಕೆ ಇಲಾಖೆ ಮತ್ತು ನಗರ ಪಾಲಿಕೆಗಳು ಹುಲ್ಲುಹಾಸಿನ ನಿರ್ವಹಣೆಯ ಗುತ್ತಿಗೆ ಪತ್ರದಲ್ಲಿ, ಸೈಲೆನ್ಸರ್ ಬದಲಿಸುವಾಗ ಎಂಜಿನ್ ತಯಾರಕರು ಸೂಚಿಸಿದ ಭಾಗವನ್ನೋ ಅದಕ್ಕೆ ಸರಿಸಮವಾದುದನ್ನೋ ಬ್ರಾಕೆಟ್, ಶಾಖದ ತಗಡು ಮತ್ತು ಜಾಲರಿಯ ಸಮೇತ ಹಾಕತಕ್ಕದ್ದು ಎಂಬ ಒಂದು ಸಾಲನ್ನು ಸೇರಿಸಲಿ, ಮತ್ತು ಬಿಲ್ ಪಾಸು ಮಾಡುವ ಮೊದಲು ಬಾನೆಟ್ ಎತ್ತಿ ನೋಡಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಯಂತ್ರಶಾಲಾ ಮೇಲ್ವಿಚಾರಕ,
ರಾಜಾಜಿನಗರ, ಬೆಂಗಳೂರು